ಕೊನೆಯ ಆಮೆನ್

ಉಪ್ಪಾರಹಳ್ಳಿಯ ಮನೆಯನ್ನು ಬಾಡಿಗೆಗೆ ಕೊಡುವಾಗ ಪುಟ್ಟರಂಗಯ್ಯ ಹಾಕಿದ ಷರತ್ತು ಒಂದೇ: "ಏನ್ ಪ್ರಾರ್ಥನೆ ಬೇಕಾದ್ರೂ ಮಾಡ್ಕಳಿ ಮೇಷ್ಟ್ರೇ, ಸದ್ದು ಮಾತ್ರ ಗೋಡೆ ದಾಟ್ಕೂಡ್ದು."

ಮನೆ ಹುಡುಕಿ ಮೂರು ಜೊತೆ ಚಪ್ಪಲಿ ಸವೆಸಿದ್ದ ಸಮಾಧಾನಪ್ಪ ಮೇಷ್ಟ್ರು ಒಪ್ಪಿದರು. ಅಂದಿನಿಂದ ಅವರು, ಹೆಂಡತಿ ಕರುಣಮ್ಮ, ಮಗಳು ಗ್ರೇಸಿ ಮೂವರೂ ಸಂಜೆ ಏಳಕ್ಕೆ ಬಾಗಿಲು ಹಾಕಿ, ಕಣ್ಣು ಮುಚ್ಚಿ, ಕ್ರಿಸ್ಮಸ್ಸಿನ ಹರ್ಷಗೀತೆಗಳನ್ನು ಕೂಡ ಪಾಲು ಹಂಚಿಕೊಳ್ಳುವ ಕಳ್ಳರಂತೆ ಪಿಸುಗುಟ್ಟುತ್ತಿದ್ದರು.

೧೯೭೮ರ ಡಿಸೆಂಬರಿನ ಒಂದು ಬೆಳಗ್ಗೆ ಪಕ್ಕದ ಮನೆಯ ನರಸಮ್ಮ ನಲ್ಲಿ ಬಳಿ ತಡೆದಳು.

"ಮೇಷ್ಟ್ರೇ, ನಿಮ್ಮನೇಲಿ ಗಾಳಿ ಸೇರ್ಕಂಡದೆ ಕಣ್ರೀ. ದಿನಾ ದೀಪ ಹಚ್ಚೋ ಹೊತ್ಗೆ ಗುಸುಗುಸು ಅಂತದೆ."

ಬಿಂದಿಗೆ ತುಂಬಿ ಹರಿಯಿತು. ನಾವೇ ಎಂದರೆ ಮನೆ ಹೋಗುತ್ತದೆ. ಅಲ್ಲವೆಂದರೆ ದೆವ್ವ ಉಳಿಯುತ್ತದೆ. ಮೇಷ್ಟ್ರು ದೆವ್ವವನ್ನು ಉಳಿಸಿಕೊಂಡರು.

ಮಧ್ಯಾಹ್ನಕ್ಕೆ ಪುಟ್ಟರಂಗಯ್ಯ ಹೇಳಿಕಳಿಸಿದ್ದ ದೆವ್ವ ಬಿಡಿಸುವ ಕಾಳಯ್ಯ ಗುಬ್ಬಿಯಿಂದ ಬಂದಿಳಿದ. ಹೊಸ್ತಿಲಲ್ಲಿ ನಿಂಬೆಹಣ್ಣು ಕುಯ್ದು, ಒಳಕೋಣೆಯ ಒರಳುಕಲ್ಲಿನವರೆಗೆ ಹೋದವನು ಗಕ್ಕನೆ ನಿಂತ. ಹಿಂದೆ ಹಿಂದೆಯೇ ನಡೆದು ಬಂದು, ದಕ್ಷಿಣೆಯನ್ನೂ ಕೇಳದೆ ಬಸ್ ಸ್ಟ್ಯಾಂಡಿನತ್ತ ಓಡಿದ.

"ಕಾಳಯ್ಯನೇ ಓಡ್ದ! ಇವತ್ತೇ ಖಾಲಿ ಮಾಡಿ ಮೇಷ್ಟ್ರೇ, ಬೀಗ ಜಡೀತೀನಿ" ಎಂದ ಪುಟ್ಟರಂಗಯ್ಯ.

"ಬ್ಯಾಡಿ ಸ್ವಾಮಿ! ಅದು ನಾವೇ! ಪಿಸುದನೀಲಿ ಹಾಡ್ತಿದ್ವಿ."

ಪುಟ್ಟರಂಗಯ್ಯ ಉಸಿರು ಬಿಟ್ಟ. "ಇಷ್ಟೇನಾ? ಹಂಗಾದ್ರೆ ಸಂಜೆ ಬಾಗ್ಲು ತೆಗ್ದು ಗಟ್ಟಿಯಾಗಿ ಹಾಡಿ. ಬೀದಿ ಜನ ನಂಬ್ಲಿ."

ಏಳಕ್ಕೆ ಬೀದಿಯೇ ನೆರೆಯಿತು. ಮೇಷ್ಟ್ರ ದನಿ ಮೊದಲು ತುಕ್ಕು ಹಿಡಿದ ಗೇಟಿನಂತೆ ಕಿರುಗುಟ್ಟಿ, ಎರಡನೇ ಕೀರ್ತನೆಗೆ ಬಿಚ್ಚಿಕೊಂಡಿತು. ಪುಟ್ಟರಂಗಯ್ಯ ತಾಳ ತಪ್ಪಿ ಚಪ್ಪಾಳೆ ತಟ್ಟಿದ. ನರಸಮ್ಮ ಕಣ್ಣೊರೆಸಿಕೊಂಡಳು. "ಮಿಷನ್ ಆಸ್ಪತ್ರೇಲಿ ಹೆರಿಗೆಗೆ ಮಲಗಿದ್ದಾಗ ನರ್ಸುಗಳು ಹಿಂಗೇ ಹಾಡೋರು."

"ದಿನಾ ಹಾಡಿ ಮೇಷ್ಟ್ರೇ, ನಾವೂ ಬತ್ತೀವಿ" ಎಂದ ಪುಟ್ಟರಂಗಯ್ಯ. ಮನೆ ಉಳಿಯಿತು.

ಆಗ ನರಸಮ್ಮ ಒಳಕ್ಕೆ ಇಣುಕಿದಳು. "ನಿಮ್ ಮೂರು ಜನದ ದನಿ ಗೊತ್ತಾಯ್ತು. ದಿನಾ ನೀವ್ ಮುಗಿಸಿದ್ಮ್ಯಾಲೆ, ಒರಳುಕಲ್ ತಾವ್ನಿಂದ ಇನ್ನೊಂದ್ಸಲ ಆಮೆನ್ ಅಂತದಲ್ಲ, ಆ ಅಜ್ಜೀನೂ ಕರೀರಿ."

"ಅದು ಗ್ರೇಸಿ ಅಲ್ವಾ?" ಎಂದರು ಕರುಣಮ್ಮ.

"ನಾನು ಅದು ನೀನು ಅಂದ್ಕೊಂಡಿದ್ದೆ ಕಣಮ್ಮಾ" ಎಂದಳು ಗ್ರೇಸಿ.

ಇಬ್ಬರೂ ಮೇಷ್ಟ್ರನ್ನು ನೋಡಿದರು. ಪ್ರಾರ್ಥನೆ ಮುಗಿಸಲು ಇನ್ನು ಆಮೆನ್ ಒಂದೇ ಬಾಕಿಯಿತ್ತು. ಮೇಷ್ಟ್ರು ಬಾಯಿ ತೆರೆದು, ಮುಚ್ಚಿ, ಗಟ್ಟಿಯಾಗಿ ಮೂರನೇ ಕೀರ್ತನೆ ಎತ್ತಿದರು. ಬೀದಿಯವರೆಲ್ಲ ಪದ ಗೊತ್ತಿಲ್ಲದಿದ್ದರೂ ದನಿಗೂಡಿಸಿದರು.

ಎಂಟೂವರೆಗೆ ಹದಿನಾರನೆಯದು ನಡೆದಿತ್ತು. ಪುಟ್ಟರಂಗಯ್ಯ ಕೈಮುಗಿದ. "ಸಾಕು, ಮುಗಿಸ್ರಿ ಮೇಷ್ಟ್ರೇ."

ಮೇಷ್ಟ್ರು ಹಾಡುತ್ತಲೇ ಆಗದೆಂದು ತಲೆಯಾಡಿಸಿ, ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಂತರು.

ಒಳಕೋಣೆಯಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು.