ಕಸದ ಬುಟ್ಟಿಗೆ ಸಿಂಗಾರ ಮಾಡಿದ ಮಹನೀಯರಿಗೆ

ಮಾನ್ಯರೇ,

ಕಂಪ್ಯೂಟರ್ ಪರದೆಯ ಮೇಲಿನ ಪುಟ್ಟ ಪುಟ್ಟ ಐಕಾನುಗಳಿಗೆ ಬೇಕಾದ ವೇಷ ತೊಡಿಸುವ ತಮ್ಮ ತಂತ್ರಾಂಶಕ್ಕೂ, ಆ ವೇಷಗಳನ್ನು ಬರೆದ ತಮ್ಮ ಚಿತ್ರಕಾರರಿಗೂ, 'ಉಚಿತ' ಎಂಬ ಪದವನ್ನು ಅಷ್ಟು ದಪ್ಪಕ್ಷರದಲ್ಲಿ ಹಾಕಿದ ತಮ್ಮ ಧಾರಾಳ ಮನಸ್ಸಿಗೂ ನಮ್ಮ ಮನೆಯವರೆಲ್ಲರ ಪರವಾಗಿ ಮೊದಲಿಗೆ ನಮಸ್ಕಾರಗಳು. ತಮ್ಮ ಸಹಾಯವಾಣಿಗೆ ಬರೆದಾಗಲೆಲ್ಲ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿರುವುದರಿಂದ ತಾವು ಕ್ಷೇಮವೆಂದು ತಿಳಿದಿದ್ದೇನೆ. ಆ ಅಮೂಲ್ಯವಾದದ್ದನ್ನು ಓದುವ ಪುಣ್ಯಾತ್ಮರು ಯಾರೆಂದು ಮಾತ್ರ ತಿಳಿಯದೆ, ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಸೂಚನೆಯ ಚೀಟಿಯನ್ನು ತಾವು ಓದದೆ ಎಸೆಯುತ್ತೀರಲ್ಲ, ಅದರ ಕರಡು ತಿದ್ದುವುದು ನನ್ನ ಉದ್ಯೋಗ. ಊಟದ ಕೋಣೆಯಲ್ಲಿ, ಫ್ರಿಜ್ಜಿಗೂ ಕಿಟಕಿಗೂ ನಡುವಿನ ಮೂಲೆಯಲ್ಲಿ ನನ್ನ ಕಂಪ್ಯೂಟರ್ ಇದೆ. ಮಧ್ಯಾಹ್ನ ನನ್ನ ಕೆಲಸ ಮುಗಿದ ಮೇಲೆ ಆ ಕುರ್ಚಿ ನಮ್ಮ ಅತ್ತೆಯವರದು. ಹೆರಿಗೆ ವಾರ್ಡಿನ ನರ್ಸ್ ಆಗಿ ನಿವೃತ್ತರಾದ ಅವರು ಒಂದೇ ಬೆರಳಿನಲ್ಲಿ ಕುಟ್ಟುತ್ತ ತಮ್ಮ ವಾರ್ಡಿನ ನೆನಪುಗಳನ್ನು ಬರೆಯುತ್ತಿದ್ದರು. ನಾನು ಹಿಂದೆ ಸುಳಿದರೆ ಪರದೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ.

ಅವರಿಗೆ ಹಳದಿ ಫೋಲ್ಡರುಗಳನ್ನು ಕಂಡರಾಗದು. "ಎಲ್ಲಾ ಒಂದೇ ಥರ ಇದೆಯಲ್ಲಮ್ಮ, ಹಸುಗೂಸಿನ ಕೈಗೆ ಪಟ್ಟಿ ಕಟ್ಟೋ ಹಾಗೆ ಇದಕ್ಕೂ ಒಂದು ಗುರುತು ಬೇಡ್ವಾ?" ಎಂದು ಅವರು ಗೊಣಗಿದ್ದನ್ನು ಕೇಳಿ, ಸೊಸೆಯಾದವಳು ಒಂದಾದರೂ ಒಳ್ಳೆಯ ಕೆಲಸ ಮಾಡೋಣವೆಂದು ನಾನು ತಮ್ಮ ತಂತ್ರಾಂಶವನ್ನು ಇಳಿಸಿಕೊಂಡೆ. ಊರವರ ಸಣ್ಣಕ್ಷರ ತಿದ್ದಿ ಬದುಕುವ ನಾನೇ ತಮ್ಮ ಸಣ್ಣಕ್ಷರದ ಷರತ್ತುಗಳನ್ನು ಓದದೆ 'ಒಪ್ಪಿದೆ' ಒತ್ತಿದೆನೆಂದರೆ, ತಮ್ಮ ಚಿತ್ರಗಳ ಮೋಡಿ ಎಂಥದ್ದೆಂದು ತಾವು ಹೆಮ್ಮೆಪಡಬಹುದು.

'ಹಳೇ ಮನೆ' ಎಂಬ ಹೆಸರಿನ ಚಿತ್ರಗಳನ್ನು ಆರಿಸಿದೆ. ಕ್ಷಣದಲ್ಲಿ ಫೋಲ್ಡರುಗಳೆಲ್ಲ ಬೀರುವಿನ ಖಾನೆಗಳಾದವು, ಇಂಟರ್‌ನೆಟ್ ಅರೆತೆರೆದ ಕಿಟಕಿಯಾಯಿತು, ಕ್ಯಾಲ್ಕುಲೇಟರ್ ತಕ್ಕಡಿಯಾಯಿತು. ಕಸದ ಬುಟ್ಟಿಯೋ, ಹಿತ್ತಾಳೆ ಪಟ್ಟಿ ಹೊಡೆದು ಎದೆಯ ಮೇಲೆ ಭಾರೀ ಬೀಗ ಹೊತ್ತ ಮರದ ಪೆಟ್ಟಿಗೆಯಾಗಿ ಕುಳಿತಿತು! ಏನು ಮೆರುಗು, ಏನು ನೆರಳು-ಬೆಳಕು! ಆ ಚಿತ್ರಕಾರರ ಕೈಗೆ ಚಿನ್ನದ ಕಡಗ ತೊಡಿಸಬೇಕು. ಏನನ್ನಾದರೂ ಎಳೆದು ತಂದರೆ ಮುಚ್ಚಳ ತಾನಾಗಿ ತೆರೆದು, ನುಂಗಿ, 'ಟಕ್' ಎಂದು ಬೀಗ ಬೀಳುತ್ತಿತ್ತು. ಅಂದ ಕೆಡಬಾರದೆಂದು ಕೆಳಗಿದ್ದ ಹೆಸರನ್ನೂ ತಾವೇ ಅಳಿಸಿದ್ದಿರಿ.

ನಾನು ಬೇರೆ ಕೆಲಸದ ಗಡಿಬಿಡಿಯಲ್ಲಿ ಯಾವುದು ಏನೆಂದು ಅತ್ತೆಗೆ ವಿವರಿಸಲಿಲ್ಲ. ವಿವರಿಸಬೇಕಾದ ಅಗತ್ಯವಾದರೂ ಎಲ್ಲಿತ್ತು? ಬೀಗವಿರುವ ಪೆಟ್ಟಿಗೆ ಯಾತಕ್ಕೆಂದು ಯಾರಿಗೆ ಗೊತ್ತಿಲ್ಲ! ಅವರು ಬರೆದು ಮುಗಿಸಿದ ಒಂದೊಂದು ಅಧ್ಯಾಯವನ್ನೂ ಜೋಪಾನವಾಗಿ ಎಳೆದು ಅದರೊಳಗಿಟ್ಟು, ಬೀಗದ ಸದ್ದು ಕೇಳಿಸಿಕೊಂಡೇ ಏಳುತ್ತಿದ್ದರು. ಹೀಗಿರುವಾಗ ಒಂದು ಸಂಜೆ ತಮ್ಮ ತಂತ್ರಾಂಶ ಬಲು ವಿನಯದಿಂದ, 'ಪೆಟ್ಟಿಗೆ ತುಂಬಿದೆ, ಚೊಕ್ಕಟ ಮಾಡಲೇ?' ಎಂದು ಕೇಳಿತು. ಜೀವಮಾನವಿಡೀ ವಾರ್ಡು ಚೊಕ್ಕಟ ಮಾಡಿಸಿದವರು ಅಂಥ ಮಾತಿಗೆ ಬೇಡವೆನ್ನುತ್ತಾರೆಯೇ? 'ಆಗಲಿ' ಒತ್ತಿದರು. ತಮ್ಮ ತಂತ್ರಾಂಶ ಹೇಳಿದಷ್ಟನ್ನೂ ಮಾಡಿತು. ಇಂಥ ವಿಧೇಯತೆ ನಮ್ಮ ಮನೆಯ ಗಂಡಸಿನಲ್ಲೂ ಕಂಡಿಲ್ಲ.

"ಬೀಗ ಹಾಕಿರೋ ಪೆಟ್ಟಿಗೆ ತಾನೇ, ಎಲ್ಲಿಗೆ ಹೋಗತ್ತೆ, ಹುಡುಕಿಕೊಡು" ಎಂದು, ಬರೆದಿಟ್ಟ ಅಧ್ಯಾಯಗಳು ಕಾಣದೆ ಅತ್ತೆ ನನ್ನನ್ನು ಕರೆದರು. "ಅತ್ತೆ, ಅದು ಕಸದ ಬುಟ್ಟಿ" ಎಂದು ಹೇಳುವ ಭಾಗ್ಯವನ್ನು ತಾವು ನನಗೆ ಕರುಣಿಸಿದಿರಿ. ಅವರು ಬೈದಿದ್ದರೆ ಸುಖವಿತ್ತು. ಕನ್ನಡಕ ತೆಗೆದು ಒರೆಸಿದರು, "ಹೌದಾ" ಎಂದರು, ಒಳಗೆ ಹೋಗಿ ಮಡಚಿಟ್ಟಿದ್ದ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಚತೊಡಗಿದರು.

ರಿಪೇರಿಯವರನ್ನು ಕರೆಸಿದೆವು. ಅವರು ತಲೆ ಕೆರೆದುಕೊಂಡು, ಹೊಸ ಹೊಸ ಕೇಬಲ್ಲು ಸಿಕ್ಕಿಸಿ ಹೊರತೆಗೆದ ಚೂರುಗಳಲ್ಲಿ ಬರೀ ಚೌಕಗಳು, ಪ್ರಶ್ನೆ ಚಿಹ್ನೆಗಳು. ಅಲ್ಲಲ್ಲಿ ಓದಲು ಬರುತ್ತಿದ್ದದ್ದು ಒಂದೇ ಸಾಲು: 'ತಾಯಿ, ಮಗು ಇಬ್ಬರೂ ಕ್ಷೇಮ.' ತಮ್ಮ ಸಹಾಯವಾಣಿಯು ನನ್ನ ಸಂಕಟಕ್ಕೆ ಮರುಗಿ, 'ಕಡಲ ತೀರ' ಎಂಬ ಮತ್ತೊಂದು ಚಿತ್ರಮಾಲೆಯನ್ನು ಶಿಫಾರಸು ಮಾಡಿತು. ಅದರಲ್ಲಿ ಕಸದ ಬುಟ್ಟಿ ಮುತ್ತು ತುಂಬಿದ ಚಿಪ್ಪಂತೆ.

ಅತ್ತೆ ಕುರ್ಚಿಯ ಕಡೆ ಸುಳಿಯುವುದನ್ನೇ ಬಿಟ್ಟರು. ಕೊನೆಗೊಂದು ಮಧ್ಯಾಹ್ನ ನಾನೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಉಳಿದ ಸಾಲು ತೋರಿಸಿ, ಇದು ಯಾರ ಕಥೆ ಎಂದು ಕೇಳಿದೆ. "ಎಲ್ಲರದೂ ಅಷ್ಟೇ. ಪ್ರತಿಯೊಂದಕ್ಕೂ ಕೊನೆಯಲ್ಲಿ ಹಾಗೇ ಬರೀತಿದ್ದೆ" ಎಂದರು. ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟು, "ಕ್ಷೇಮ ಆಗದೇ ಇದ್ದದ್ದನ್ನ ನಾನು ಬರೆದೇ ಇಲ್ಲ" ಎಂದರು. ಅಂದು ಅವರು ಬಾಯಿಬಿಟ್ಟು ಹೇಳಿದ್ದು ಅದನ್ನೇ: ತಾಯಿ ಉಳಿಯದ ಒಂದು ಕೂಸನ್ನು, ಅದರ ಅಪ್ಪ ಬಸ್ಸಿನ ಪಾಳಿ ಮುಗಿಸಿ ಓಡಿ ಬರುವ ತನಕ ಮಡಿಲಲ್ಲಿಟ್ಟುಕೊಂಡು ಕುಳಿತದ್ದನ್ನು. ಅವರು ಹೇಳಿದಂತೆ ಟೈಪ್ ಮಾಡುತ್ತಿದ್ದ ನನಗೆ ಕೀಲಿಗಳು ಮಂಜಾದವು. ಅವರು ನನ್ನ ಬೆನ್ನು ನೇವರಿಸಿ, "ತಪ್ಪಾಗಿ ಒತ್ತಬೇಡ, ಇದು ಹೋಗಬಾರದು" ಎಂದರು.

ಆಮೇಲೆ ಅವರನ್ನು ತಡೆದವರಿಲ್ಲ. ಹೆರಿಗೆ ನೋಡಲು ಬಂದು ತಾನೇ ಮೂರ್ಛೆಬಿದ್ದು ಹೆಂಡತಿಯ ಪಕ್ಕದ ಹಾಸಿಗೆ ಹಿಡಿದ ಪೈಲ್ವಾನನ ಕಥೆಗೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಾಗ, ಕನ್ನಡಕದ ಅಂಗಡಿಯಿಂದ ಊಟಕ್ಕೆ ಬಂದ ಅವರ ಮಗ ಬಾಗಿಲಲ್ಲೇ ನಿಂತು ಇದು ತನ್ನ ಮನೆಯೇ ಎಂದು ನೋಡಿದರು. ಅತ್ತೆ ಈಗ ನನ್ನ ಕಾಗುಣಿತ ತಿದ್ದುತ್ತಾರೆ, ನಾನು ಅವರಿಗೆ ಎದುರು ಮಾತಾಡುತ್ತೇನೆ, ನಿನ್ನೆಯಂತೂ ಒಂದು ಅಲ್ಪವಿರಾಮಕ್ಕಾಗಿ ಮನಸಾರೆ ಜಗಳವಾಡಿದೆವು.

ಇಂಥ ಉಪಕಾರವೂ ತಮ್ಮಿಂದಲೇ ಆದದ್ದರಿಂದ ಪರಿಹಾರ ಕೇಳಲು ಸಂಕೋಚ. ಆದರೂ ತಮ್ಮ ಮುಂದಿನ ಚಿತ್ರಮಾಲೆಯಲ್ಲಿ ಕಸದ ಬುಟ್ಟಿಯನ್ನು ದಯಮಾಡಿ ಕಸದ ಬುಟ್ಟಿಯಂತೆಯೇ ಬರೆಸಬೇಕು. ಅಂಚು ಮುರಿದಿರಲಿ, ಮೇಲೆ ನೊಣ ಹಾರಲಿ, ಹತ್ತಿರ ಹೋದರೆ ನಾರುವಂತೆ ಮಾಡುವ ತಂತ್ರವಿದ್ದರೆ ದುಡ್ಡು ಕೊಟ್ಟು ಕೊಳ್ಳಲೂ ಸಿದ್ಧಳಿದ್ದೇನೆ. ಜೊತೆಗೆ, ಆ ಸಂಜೆ 'ಆಗಲಿ' ಒತ್ತುವ ಮುಂಚಿನ ಅರೆಗಳಿಗೆಯನ್ನು ತಮ್ಮ ಗೋದಾಮಿನಲ್ಲಿ ಎಲ್ಲಾದರೂ ಉಳಿಸಿಕೊಂಡಿದ್ದರೆ ಅಂಚೆಯಲ್ಲಿ ಕಳಿಸಿಕೊಡಬೇಕಾಗಿ ಕೋರುತ್ತೇನೆ.

ಇಂತು, ತಮ್ಮ ಸೌಂದರ್ಯಪ್ರಜ್ಞೆಗೆ ಸೋತು ಸುಣ್ಣವಾದ,
ತಮ್ಮ ವಿಶ್ವಾಸಿ,
ಔಷಧಿ ಚೀಟಿಯ ಕರಡು ತಿದ್ದುವವಳು

ತಾ.ಕ.: ಪತ್ರವನ್ನು ಓದಿಸಿಕೊಂಡ ಅತ್ತೆ ಒಂದು ಮಾತು ಸೇರಿಸಲು ಹೇಳಿದ್ದಾರೆ. ಫೋಟೋಗಳ ಖಾನೆಯ ಮೇಲೆ ತಾವು ಬರೆಸಿರುವ ಚಿತ್ರದ ತಾಯಿ, ಎಳೆಗೂಸಿನ ಕತ್ತಿಗೆ ಆಧಾರವನ್ನೇ ಕೊಡದೆ ಎತ್ತಿಕೊಂಡಿದ್ದಾಳಂತೆ. ಅವಳ ಕೈ ಕೂಡಲೇ ಸರಿಪಡಿಸಬೇಕು. ಅಲ್ಲಿಯವರೆಗೆ ಆ ಮಗುವನ್ನು ನಮ್ಮ ಮನೆಗೆ ಕಳಿಸಬೇಕಂತೆ.