ತ್ರಿಶಂಕು ಪಾವ್ಲೋವ

ಮುಟ್ಟಿದ್ದೆಲ್ಲ ಮಿನುಗಬೇಕು, ಜಾರಬೇಕು, ತೇಲಬೇಕು ಎಂದು ಹಟ ಹಿಡಿದ ಗಂಡನ ಜೊತೆ ಸಂಸಾರ ಮಾಡುವುದು ಎಂಥ ತಪಸ್ಸು ಎಂಬುದನ್ನು ರೇವಿನ್‌ಳ ಬಾಯಿಂದಲೇ ಕೇಳಬೇಕು. ಆದರೆ ಈ ಪ್ರಸಂಗದಲ್ಲಿ ಪಾಡುಪಟ್ಟವನು ಅವಳ ಗಂಡ ಲೀತ್. ಆದ್ದರಿಂದ ಅವನ ಪಕ್ಕದಲ್ಲಿ ನಿಂತು ಹೇಳುವುದೇ ನ್ಯಾಯ.

ಲೀತ್, ರಿವರ್ಟನ್ ಎಂಬ ಊರಿನ ಏಕಮೇವಾದ್ವಿತೀಯ ವೆಬ್‌ಸೈಟ್ ಶಿಲ್ಪಿ. (ಎರಡನೆಯವನಿಗೆ ಆ ಊರಿನಲ್ಲಿ ಕೆಲಸವಿರಲಿಲ್ಲ. ಮೊದಲನೆಯವನಿಗೂ ಅಷ್ಟಕ್ಕಷ್ಟೆ.) ನ್ಯೂಜಿಲೆಂಡಿನ ದಕ್ಷಿಣದ ಆ ತುದಿಯಲ್ಲಿ ನಿಂತರೆ ಮುಂದೆ ಸಮುದ್ರ, ಅದರಾಚೆ ಪೆಂಗ್ವಿನ್. ಪಶುವೈದ್ಯರಿಗೆ, ನಲ್ಲಿ ರಿಪೇರಿಯವನಿಗೆ, ದೋಣಿಯ ಇಂಜಿನ್ ಮಾರುವವನಿಗೆ ಎಲ್ಲರಿಗೂ ಅವನು ಒಂದೇ ಅಚ್ಚಿನ ಪುಟ ಮಾಡಿಕೊಟ್ಟಿದ್ದ: ಬೂದು ಬಣ್ಣದ ಡಬ್ಬಿ, ಅದರ ಕೆಳಗೆ ಬೂದು ಬಣ್ಣದ ಬಟನ್. ಬಟನ್ ಒತ್ತಿದರೆ ಇಡೀ ಪುಟ ಬಿಳಿಚಿಕೊಂಡು, ನೀವು ಎದ್ದು ಹೋಗಿ ಚಹಾ ಮಾಡಿಕೊಂಡು ಬರುವ ಹೊತ್ತಿಗೆ ಮರಳಿ ಬರುತ್ತಿತ್ತು.

ಅಂಥವನ ಬಾಳಿಗೆ ಆ ವರ್ಷ ಹೊಸ ಸಾಫ್ಟ್‌ವೇರ್ ಸಾಧನಗಳು ಬಂದವು. ಪುಟ ಬಿಳಿಚಿಕೊಳ್ಳುವುದು ನಿಂತಿತು. ಚಿತ್ರಕ್ಕೆ ನೆರಳು ಬಂತು, ಬಟನ್ನಿಗೆ ಹೊಳಪು ಬಂತು, ಒಂದು ವಸ್ತುವನ್ನು ಹಿಡಿದೆಳೆದರೆ ಬೆಣ್ಣೆಯ ಹಾಗೆ ಜಾರಿಕೊಂಡು ಬಂತು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಲೀತ್ ನಲ್ಲಿ ರಿಪೇರಿಯವನ ಫೋನ್ ನಂಬರನ್ನು ನೀರಿನ ಹನಿಗಳಾಗಿ ಮೇಲಿನಿಂದ ಸುರಿಯುವಂತೆ ಮಾಡಿದ. ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು ನಿಂತವರು ಮೊದಲು ಆ ಅಂಕಿಗಳನ್ನು ಹಿಡಿದು ಜೋಡಿಸಿಕೊಂಡು ಆಮೇಲೆ ಫೋನ್ ಮಾಡಬೇಕಾಗಿತ್ತು.

ಆ ಸಾಧನ ಮಾಡಿದವರು ಯಾರು, ಯಾವ ದೇಶದವರು ಎಂದು ಲೀತ್‌ಗೆ ಗೊತ್ತಿರಲಿಲ್ಲ. ಆದರೂ ರಾತ್ರಿಯೂಟಕ್ಕೆ ಕೂತಾಗ ಮುಳ್ಳುಚಮಚ ಎತ್ತುವ ಮೊದಲು ಅವರಿಗೊಂದು ವಂದನೆ ತಪ್ಪುತ್ತಿರಲಿಲ್ಲ.

"ಆ ಪುಣ್ಯಾತ್ಮರು ಎಲ್ಲಿದ್ರೂ ಅವರ ಹೊಟ್ಟೆ ತಣ್ಣಗಿರ್ಲಿ."

"ಮೀನು ಹುರಿದ ಪುಣ್ಯಾತ್ಗಿತ್ತಿ ಇಲ್ಲೇ ಎದುರಿಗೆ ಕೂತಿದ್ದಾಳೆ," ಎನ್ನುತ್ತಿದ್ದಳು ರೇವಿನ್. "ಅವಳ ಹೊಟ್ಟೆ ಉರೀತಿದೆ."

ರೇವಿನ್‌ಳದು ಕೇಕಿನ ಕಸುಬು. ಮದುವೆ, ನಾಮಕರಣ, ರಗ್ಬಿ ಕ್ಲಬ್ಬಿನ ಬಹುಮಾನ ವಿತರಣೆ, ಆ ತೀರದಲ್ಲಿ ಏನೇ ಆದರೂ ಕೇಕ್ ಅವಳ ಒಲೆಯಿಂದಲೇ ಹೋಗಬೇಕು. ಆರ್ಡರ್ ಬರುವುದು ಫೋನಿನಲ್ಲಿ. ಫೋನ್ ಬರುವುದು ಕೈಯೆಲ್ಲ ಹಿಟ್ಟಾಗಿರುವಾಗ. ಅವರ ಮನೆಯ ಫೋನನ್ನು ಕೆರೆದರೆ ಒಂದು ಸಣ್ಣ ಬನ್ನಿಗಾಗುವಷ್ಟು ಹಿಟ್ಟು ಸಿಗುತ್ತಿತ್ತು. ಇದನ್ನು ನೋಡಿ ಲೀತ್‌ನ ಹೃದಯ ಕರಗಿತು. ಹೆಂಡತಿಗಾಗಿ ಒಂದು ಪುಟ! ಗಿರಾಕಿ ತನ್ನ ಕೇಕನ್ನು ತಾನೇ ಪರದೆಯ ಮೇಲೆ ಕಟ್ಟಿಕೊಳ್ಳಬೇಕು, ಅದರ ಚಿತ್ರ ನೇರವಾಗಿ ಅಡುಗೆಮನೆಗೆ ಬಂದು ಬೀಳಬೇಕು.

ಪುಟ ಸಿದ್ಧವಾದ ದಿನ ಅವನು ಅವಳನ್ನು ಕರೆದು ಕುರ್ಚಿಯ ಮೇಲೆ ಪಟ್ಟಾಭಿಷೇಕ ಮಾಡುವವನಂತೆ ಕೂರಿಸಿದ. ನಿಜಕ್ಕೂ ಚೆಂದವಿತ್ತು. ಒಂದು ಕೇಕನ್ನು ಹಿಡಿದೆತ್ತಿದರೆ ಅದು ಗಾಳಿಯಲ್ಲಿ ಮೇಲೇಳುತ್ತಿತ್ತು, ಕೆಳಗೆ ಮೆತ್ತನೆಯ ನೆರಳು ಬೀಳುತ್ತಿತ್ತು. ಕೈಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತಿತ್ತು.

"ಕೈ ಬಿಟ್ರೆ ಇದು ಕೆಳಗಿನ ಕೇಕ್ ಮೇಲೆ ಕೂರಬೇಕಲ್ವಾ?" ಎಂದಳು ರೇವಿನ್.

"ಕೂರಿಸ್ಬಹುದು. ಆದ್ರೆ ತೇಲೋದೇ ಚೆಂದ ಅಲ್ವಾ?"

"ಬೆಲೆ ಎಲ್ಲಿ ಹಾಕಿದೀಯ?"

"ಬೆಲೆ ಮುಂದಿನ ವಾರ. ಮೊದ್ಲು ನೆರಳು ಸರಿಹೋಗ್ಲಿ."

ಮೊದಲ ಆರ್ಡರ್ ಬಂದದ್ದು ಹೆಕ್ಟರ್ ಮಕಾಸ್ಕಿಲ್ ಅವರಿಂದ. ಹೆಕ್ಟರ್ ಮುದಿ ಮೀನುಗಾರ. ದಿನಕ್ಕೆ ನಾಲ್ಕು ಮಾತು, ಅದರಲ್ಲಿ ಎರಡು ಗಾಳಿಯ ದಿಕ್ಕಿನ ಬಗ್ಗೆ. ಅವರ ಮದುವೆಗೆ ಅರವತ್ತು ವರ್ಷ ತುಂಬುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ ಇನ್ನೊಂದಿತ್ತು. ಅರವತ್ತು ವರ್ಷದ ಹಿಂದೆ ಮದುವೆಯ ಕೇಕನ್ನು ದೋಣಿಯಲ್ಲಿ ತರುವಾಗ ಅದು ಜಾರಿ ಸಮುದ್ರಕ್ಕೆ ಬಿದ್ದಿತ್ತು, ಮತ್ತು ದೋಣಿ ನಡೆಸುತ್ತಿದ್ದವರು ಸಾಕ್ಷಾತ್ ಮದುಮಗ. ಅವರ ಹೆಂಡತಿ ನೈರೀ ಆ ಕೇಕನ್ನು ಇಂದಿಗೂ ಮರೆತಿರಲಿಲ್ಲ, ಅವರಿಗೂ ಮರೆಯಲು ಬಿಟ್ಟಿರಲಿಲ್ಲ.

ಚಿತ್ರ ನೋಡಿ ರೇವಿನ್ ಕನ್ನಡಕ ಒರೆಸಿಕೊಂಡಳು. ಕೆಳಗೆ ಹಣ್ಣಿನ ಕೇಕ್. ಅದರ ಮೇಲೆ ಸ್ಪಂಜಿನಂಥ ಮೆತ್ತನೆಯ ಕೇಕ್. ಅದರ ಮೇಲೆ ಒಂದು ಮೊಳ ಖಾಲಿ. ಖಾಲಿಯ ಮೇಲೆ ಪಾವ್ಲೋವ.

"ಲೀತ್, ಇವೆರಡರ ಮಧ್ಯೆ ಏನಿದೆ?"

"ಜಾಗ."

"ಜಾಗದಲ್ಲಿ ಏನಿದೆ?"

"ಜಾಗವೇ ಇದೆ."

ಪಾವ್ಲೋವ ಎಂದರೆ ಮೊಟ್ಟೆಯ ಬಿಳಿಯನ್ನು ನೊರೆಯೆಬ್ಬಿಸಿ ಸುಟ್ಟ ಸೌಧ, ಅದರ ಮೇಲೆ ಕೆನೆ, ಕೆನೆಯ ಮೇಲೆ ಹಣ್ಣು. ದುರುಗುಟ್ಟಿ ನೋಡಿದರೆ ಬಿರುಕು ಬಿಡುವ ಜಾತಿ. ರೇವಿನ್ ಹೆಕ್ಟರ್‌ಗೆ ಫೋನ್ ಮಾಡಿದಳು.

"ಹೆಕ್ಟರ್, ಮೇಲಿನ ಕೇಕು ಗಾಳಿಯಲ್ಲಿದೆಯಲ್ಲ..."

"ಹೌದು ಮಗಳೇ, ಅದನ್ನ ನೋಡೇ ಒಪ್ಪಿದ್ದು. ನೈರೀಗೂ ತೋರಿಸ್ದೆ. ಚಪ್ಪಾಳೆ ಹೊಡೆದ್ಲು. ಅರವತ್ತು ವರ್ಷದಲ್ಲಿ ಮೊದಲ್ನೇ ಸಲ ನೀನು ಒಂದು ಚೆಂದದ ವಸ್ತು ಆರಿಸಿದೀಯ ಅಂದ್ಲು." (ದಿನದ ಕೋಟಾ ಮುಗಿದು ಮುಂದಿನ ವಾರದ್ದೂ ಖರ್ಚಾಗಿತ್ತು.) "ಈ ಸಲ ಬೀಳಲ್ಲ ತಾನೇ?"

ರೇವಿನ್ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಬೀಳಲ್ಲ, ಹೆಕ್ಟರ್," ಎಂದು ಫೋನ್ ಇಟ್ಟಳು.

"ನಾಲ್ಕು ಕಂಬ ಕೊಟ್ಟು ನಿಲ್ಲಿಸು," ಎಂದ ಲೀತ್ ಉದಾರವಾಗಿ.

"ಚಿತ್ರದಲ್ಲಿ ಕಂಬ ಇದೆಯಾ? ಹೇಳಿದ್ದನ್ನ ಕೊಡ್ತಾಳೆ ಅನ್ನೋ ಒಂದೇ ಮಾತಿನ ಮೇಲೆ ನನ್ನ ಒಲೆ ಉರೀತಿರೋದು. ನಿನ್ನ ಪುಟ ಏನು ತೋರಿಸ್ತೋ ಅದೇ ಆಗ್ಬೇಕು. ಆ ಮುದುಕಿಯ ಎರಡನೇ ಕೇಕೂ ಬಿದ್ರೆ ನಾನು ಈ ಊರಲ್ಲಿ ತಲೆಯೆತ್ತಿ ಓಡಾಡೋ ಹಾಗಿಲ್ಲ."

ಹೀಗೆ ಸಾಫ್ಟ್‌ವೇರಿನ ಸಮಸ್ಯೆಗೆ ಮೀನುಗಾರರ ಊರಿನ ಪರಿಹಾರ ಸಿಕ್ಕಿತು. ಕಣ್ಣಿಗೆ ಕಾಣದಂಥ ತೆಳುವಾದ, ಆದರೆ ದೊಡ್ಡ ಮೀನನ್ನೇ ಎಳೆದು ತರುವ ಗಾಳದ ದಾರ. ಪಾವ್ಲೋವದ ಕೆಳಗೆ ಒಂದು ತೆಳ್ಳನೆ ಹಲಗೆ, ಹಲಗೆಗೆ ಮೂರು ದಾರ, ದಾರ ಸಮಾರಂಭ ನಡೆಯಲಿದ್ದ ರೋಯಿಂಗ್ ಕ್ಲಬ್ಬಿನ ಸಭಾಂಗಣದ ತೊಲೆಯ ಮೇಲಿಂದ ಹಾದು ಅಟ್ಟಕ್ಕೆ.

"ಅಟ್ಟದಲ್ಲಿ ಒಂದು ಮೊಳೆಗೆ ಕಟ್ಟಿದ್ರಾಯ್ತು," ಎಂದ ಲೀತ್.

"ನಿನ್ನ ಪುಟದಲ್ಲಿ ಅದು ಮೆಲ್ಲಗೆ ಮೇಲೇಳುತ್ತೆ. ಮೊಳೆ ಎತ್ತುತ್ತಾ?"

ಲೀತ್ ಸುತ್ತಮುತ್ತ ನೋಡಿದ. ಕೋಣೆಯಲ್ಲಿ ಅವನನ್ನು ಮತ್ತು ಅವನನ್ನೇ ನೋಡುತ್ತಿದ್ದ ಹೆಂಡತಿಯನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಸಭಾಂಗಣ ತುಂಬಿ ತುಳುಕುತ್ತಿತ್ತು. ಕೆಳಗೆ ಬಿಸಿಬಿಸಿ ಚೀಸ್ ರೋಲುಗಳ ಪರಿಮಳ. ಮೇಲೆ ಹಳೆಯ ಹುಟ್ಟುಗೋಲುಗಳ ನಡುವೆ, ಜೇಡರ ಬಲೆಯನ್ನು ಕಿರೀಟವಾಗಿ ಧರಿಸಿ, ಹೊಟ್ಟೆಯ ಮೇಲೆ ಮಲಗಿದ್ದ ಲೀತ್. ಕೈಗೆ ಹೆಂಡತಿಯ ಉಣ್ಣೆಯ ಗವಸು, ಗವಸಿನಲ್ಲಿ ದಾರ. ಹೆಕ್ಟರ್ ನೈರೀಯ ಕೈ ಹಿಡಿದು ಮೇಜಿನ ಹತ್ತಿರ ಕರೆತಂದರು. ರೇವಿನ್ ತಲೆಯಾಡಿಸಿದಳು. ಲೀತ್ ಎಳೆದ.

ಮೊದಲು ನಿಧಾನ, ನಡುವೆ ಸ್ವಲ್ಪ ಚುರುಕು, ಕೊನೆಗೆ ಮತ್ತೆ ನಿಧಾನ. ಪರದೆಯ ಮೇಲೆ ಆ ಚಲನೆಯನ್ನು ಎಷ್ಟು ಸಲ ತಿದ್ದಿದ್ದನೋ, ಅದೇ ಈಗ ಕೈಗೆ ಬಂತು. ಪಾವ್ಲೋವ ಸ್ಪಂಜ್ ಕೇಕನ್ನು ಬಿಟ್ಟು ಮೇಲೆದ್ದು, ಒಂದು ಮೊಳ ಎತ್ತರದಲ್ಲಿ, ಸ್ವರ್ಗವೂ ಅಲ್ಲದ ಭೂಮಿಯೂ ಅಲ್ಲದ ತ್ರಿಶಂಕುವಾಗಿ ನಿಂತಿತು. ಕೆಳಗೆ ಮೆತ್ತನೆಯ ನೆರಳೂ ಬಿತ್ತು. ಸಭೆಗೆ ಸಭೆಯೇ ಉಸಿರು ಹಿಡಿಯಿತು. ನೈರೀ ಎರಡೂ ಕೈಗಳನ್ನು ಕೆನ್ನೆಯ ಮೇಲಿಟ್ಟುಕೊಂಡು ಹುಡುಗಿಯಂತೆ ನಕ್ಕರು. ಅಟ್ಟದ ಬಿರುಕಿನಿಂದ ಆ ನಗು ನೋಡಿದ ಲೀತ್‌ನ ಕಣ್ಣು ತುಂಬಿತು. ತನ್ನ ಕೈಯಿಂದ ಇಂಥದೊಂದು ಆಯಿತಲ್ಲ ಎಂದು ದೇವರಿಗೆ, ಸಾಧನ ಮಾಡಿದವರಿಗೆ, ಹೆಂಡತಿಗೆ, ಗಾಳದ ದಾರಕ್ಕೆ ಒಟ್ಟಿಗೇ ಕೃತಜ್ಞನಾದ. (ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.)

ಆಗ ಹೆಕ್ಟರ್ ಗಂಟಲು ಸರಿಮಾಡಿಕೊಂಡರು.

ಅರವತ್ತು ವರ್ಷ ಕಟ್ಟಿಟ್ಟಿದ್ದ ಮಾತು ಕಟ್ಟೆಯೊಡೆಯಿತು. ಸಮುದ್ರಕ್ಕೆ ಥ್ಯಾಂಕ್ಸ್ ಹೇಳಿದರು. ತಮ್ಮ ಮೂರೂ ದೋಣಿಗಳಿಗೆ ಹೆಸರು ಹಿಡಿದು ಹೇಳಿದರು. ಇಂಜಿನ್ನಿಗೆ, ಬಲೆಗೆ ಬಿದ್ದ ಮೀನಿಗೆ, ಬೀಳದೆ ತಪ್ಪಿಸಿಕೊಂಡ ಮೀನಿಗೆ, ಅತ್ತೆಗೆ (ಇಲ್ಲಿ ತುಸು ತಡವರಿಸಿದರು), ಹೆಂಡತಿಗೆ. ಅಟ್ಟದ ಮೇಲೆ ಲೀತ್‌ನ ತೋಳು ಮೊದಲು ನಡುಗಿತು, ಆಮೇಲೆ ಉರಿಯಿತು, ಆಮೇಲೆ ಅವನದೇ ಎಂಬ ಸುಳಿವನ್ನೂ ಕೊಡದಾಯಿತು.

"ಕೊನೇದಾಗಿ," ಎಂದರು ಹೆಕ್ಟರ್, "ಇದನ್ನೆಲ್ಲ ಮಾಡಿದ ಲೀತ್‌ಗೆ. ಎಲ್ಲಿದೀಯ ಮಾರಾಯ? ಮುಂದೆ ಬಾ, ಮುಖ ತೋರ್ಸು!"

ಚಪ್ಪಾಳೆಯೋ ಚಪ್ಪಾಳೆ. ರೇವಿನ್ ಮೇಲೆ ನೋಡಿದಳು. 'ಕೈ ಬಿಟ್ಟೆಯೋ, ಮನೆಗೆ ಬರಬೇಡ' ಎಂಬ ವಾಕ್ಯ ಅವಳ ಹುಬ್ಬಿನಲ್ಲೇ ಇತ್ತು.

"ಬೇಡ ಬೇಡ," ಎಂದು ಲೀತ್ ಹಲ್ಲು ಕಚ್ಚಿ ಕೂಗಿದ. "ನಾನು ಇಲ್ಲೇ ಚೆನ್ನಾಗಿದೀನಿ!"

"ನೋಡಿದ್ರಾ ಅವನ ವಿನಯ!" ಎಂದು ಹೆಕ್ಟರ್ ಆ ವಿನಯದ ಮೇಲೇ ಇನ್ನೊಂದು ಭಾಷಣ ಆರಂಭಿಸಿದರು. ಅದು ಮುಗಿಯುತ್ತಲೇ ನೈರೀ, "ಒಂದ್ಸಲ ಕೆಳಗಿಳಿಸಿ ಮತ್ತೆ ಏಳ್ಸು ಮಗಾ, ನಮ್ಮಕ್ಕ ಈಗ ತಾನೇ ಬಂದ್ಲು," ಎಂದರು. ಅಕ್ಕನ ನಂತರ ಮೊಮ್ಮಕ್ಕಳು. ಮೊಮ್ಮಕ್ಕಳ ನಂತರ ಫೋಟೋದವರು. ಪಾವ್ಲೋವ ಏಳುತ್ತ ಇಳಿಯುತ್ತ ಇತ್ತು, ಒಂದು ಬಿರುಕೂ ಬಿಡಲಿಲ್ಲ. ಬಿರುಕು ಬಿಟ್ಟಿದ್ದೆಲ್ಲ ಲೀತ್‌ನ ಬೆನ್ನು. ಅವನು ಏಣಿಯಿಂದ ಕೆಳಗಿಳಿಯುವ ಹೊತ್ತಿಗೆ ಕೇಕ್ ಖಾಲಿಯಾಗಿ, ನೆಕ್ಕಲು ಹಲಗೆ ಮಾತ್ರ ಉಳಿದಿತ್ತು. ಅವನು ಅದನ್ನೇ ನೆಕ್ಕಿದ.

ಮರುದಿನ ಬೆಳಿಗ್ಗೆ ಎರಡೂ ತೋಳಿಗೆ ಮುಲಾಮು ಹಚ್ಚಿಕೊಂಡು ಅವನು ಕಂಪ್ಯೂಟರ್ ಮುಂದೆ ಕೂತ. ಮೊದಲ ಕೆಲಸ, ಕೇಕನ್ನು ಕೆಳಗೆ ಕೂರಿಸುವುದು.

"ಮುಟ್ಬೇಡ!" ಅಡುಗೆಮನೆಯಿಂದ ರೇವಿನ್ ಓಡಿ ಬಂದಳು. ಅವಳ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಬೆಳಕಿತ್ತು. ಅವನ ನೆತ್ತಿಗೆ ಒಂದು ಮುತ್ತಿಟ್ಟಳು. "ಥ್ಯಾಂಕ್ಸ್ ಲೀತ್. ಮನಸಾರೆ ಹೇಳ್ತಿದೀನಿ. ಬೆಳಿಗ್ಗೆಯಿಂದ ಆರ್ಡರ್ ಮೇಲೆ ಆರ್ಡರ್. ಫೋನ್ ಒಂದ್ಸಲಾನೂ ಮುಟ್ಟಿಲ್ಲ ನಾನು!"

ಮದುವೆಯಾದಂದಿನಿಂದ ಅವನ ಕೆಲಸಕ್ಕೆ ಅವಳು ಥ್ಯಾಂಕ್ಸ್ ಹೇಳಿದ್ದು ಇದೇ ಮೊದಲು. ಲೀತ್ ಉಬ್ಬಿಹೋಗಿ ಆರ್ಡರುಗಳನ್ನು ತೆರೆದು ನೋಡಿದ. ಎಲ್ಲವೂ ತೇಲುತ್ತಿದ್ದವು. ಕೊನೆಯದರಲ್ಲಂತೂ ಗಿರಾಕಿ ಮೂರು ಕೇಕುಗಳನ್ನೂ ಒಂದೊಂದು ಎತ್ತರದಲ್ಲಿ ಗಾಳಿಗೆ ಬಿಟ್ಟಿದ್ದ.

"ಮೂರು!" ಎಂದ ಲೀತ್ ಕ್ಷೀಣ ಸ್ವರದಲ್ಲಿ. "ರೇವಿನ್, ನನಗಿರೋದು ಎರಡೇ ಕೈ."

"ಹಲ್ಲಿದೆಯಲ್ಲ," ಎಂದು ಅವಳು ಹಾಡಿಕೊಳ್ಳುತ್ತ ಮೊಟ್ಟೆ ಒಡೆಯಲು ಹೋದಳು.

ನಾಲ್ಕನೆಯ ಕೇಕ್ ಸೇರಿಸುವ ಸೌಲಭ್ಯವನ್ನು ಲೀತ್ ಆ ವಾರವೇ ಮಾಡಬೇಕೆಂದಿದ್ದ. ಇನ್ನೂ ಮಾಡಿರಲಿಲ್ಲ. ಅಂದು ರಾತ್ರಿಯೂಟಕ್ಕೆ ಕೂತಾಗ ಅವನು ವಂದನೆ ಸಲ್ಲಿಸಿದ್ದು ತನ್ನ ಸೋಮಾರಿತನಕ್ಕೆ.