ಅಂಪೈರರ ಹೆಂಡತಿಯಾದ ತಪ್ಪಿಗೆ

ನನ್ನ ಗಂಡನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹುಚ್ಚರಾದರೂ ಊಟದ ಹೊತ್ತಿಗೆ ಸುಮ್ಮನೆ ಉಣ್ಣುತ್ತಾರೆ! ಇವರು ಕಬಡ್ಡಿ ಅಂಪೈರು.

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಇವರು ಟೈಲರು, ನಾನು ಚೆಕ್ಕಿಂಗ್ ಟೇಬಲ್ಲಿನವಳು. ಆಡುವ ವಯಸ್ಸೆಲ್ಲ ಮುಗಿದ ಮೇಲೆ ಅಂಪೈರಿಂಗ್ ಪರೀಕ್ಷೆ ಬರೆಯುತ್ತೇನೆಂದು ಹೊರಟರು. ಮೂರು ತಿಂಗಳು ಹೊಲಿಗೆ ಮಿಷನ್ನಿನ ಮೇಲೆ ನಿಯಮದ ಪುಸ್ತಕ. ಅದರ ಫಲವಾಗಿ ಎರಡೂ ಎಡಗಾಲಾದ ಪ್ಯಾಂಟೊಂದು ನನ್ನ ಟೇಬಲ್ಲಿಗೆ ಬಂತು. ವಾಪಸು ಎಸೆದೆ. ನಾಚಿಕೆಪಡುವುದು ಬಿಟ್ಟು, ನಾನೇ ಒಳ್ಳೆಯ ಅಂಪೈರ್ ಆಗುತ್ತಿದ್ದೆನೆಂದು ಮೆಚ್ಚಿಕೊಂಡರು. ಇಂಥವರ ಜೊತೆ ಜಗಳವನ್ನಾದರೂ ಹೇಗೆ ಆಡುವುದು?

ಪಾಸಾದರು. ಅಲ್ಲಿಂದ ಮನೆಯಲ್ಲೂ ಅಂಪೈರಿಂಗ್. ನನಗೂ ಅತ್ತೆಗೂ ಮಾತು ಬೆಳೆದರೆ ಗಂಡನಾದವನು ಯಾರದಾದರೂ ಕಡೆ ನಿಲ್ಲಬೇಕಲ್ಲವೇ? ಇವರು ಇಬ್ಬರಿಗೂ ಎಚ್ಚರಿಕೆ ಕೊಟ್ಟು, ಮಧ್ಯದಲ್ಲಿ ಕುಳಿತು ಉಪ್ಪಿಟ್ಟು ತಿಂದರು. ಅವತ್ತು ಮೊದಲ ಸಲ ಅತ್ತೆಯೂ ನಾನೂ ಒಂದೇ ಪಕ್ಷ ಸೇರಿದೆವು. ಆಟಗಾರ ತಪ್ಪಿದರೆ ಪಾಯಿಂಟ್ ಹೋಗುತ್ತದೆ, ಅಂಪೈರ್ ತಪ್ಪಿದರೆ ಆಟವೇ ಹೋಗುತ್ತದೆ ಎಂದು ಉಪದೇಶ ಬೇರೆ!

ಹೋದ ವರ್ಷ ನಮ್ಮ ಓಣಿಯ ತಂಡಕ್ಕೂ ಬೊಮ್ಮನಹಾಳಿನವರಿಗೂ ಫೈನಲ್, ಅಂಪೈರು ಇವರೇ. ಕೊನೆಯ ರೈಡಿನಲ್ಲಿ ನಮ್ಮ ಓಣಿಯವನೊಬ್ಬ ಎದುರಾಳಿಯನ್ನು ಮುಟ್ಟಿ ಓಡಿಬಂದ. ಧೂಳೆದ್ದಿತ್ತು. ಇವರು ಒಂದು ಗಳಿಗೆ ತಡೆದು ನಮ್ಮವರಿಗೇ ಪಾಯಿಂಟ್ ಕೊಟ್ಟರು. ಕಪ್ಪು ನಮ್ಮದಾಯಿತು. ಓಣಿಯವರು ಇವರನ್ನೇ ಹೆಗಲ ಮೇಲೆ ಹೊತ್ತು ಕುಣಿದರು. ಅಂಪೈರನ್ನು ಹೊತ್ತು ಕುಣಿಯುವುದನ್ನು ಎಲ್ಲಾದರೂ ಕಂಡಿದ್ದೀರಾ?

ಮರುದಿನ ಬೆಳಿಗ್ಗೆ ಇವರು ರೊಟ್ಟಿ ಮುಟ್ಟಲಿಲ್ಲ.

"ಧೂಳಿನ್ಯಾಗ ನನಗ ಕಾಣಲಿಲ್ಲ. ಅಂದಾಜಿನ ಮ್ಯಾಲೆ ಕೊಟ್ಟೆ. ನೀ ಗೆರಿ ಪಕ್ಕದಾಗ ಕುಂತಿದ್ದಿ. ಅವನ ಕಾಲು ಹೊರಗ ಬಿದ್ದಿತ್ತೇನು?"

ಬಿದ್ದಿತ್ತು. ಇಡೀ ಪಾದ ಗೆರೆಯಾಚೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ; ಅಂದರೆ ಅವನೇ ಔಟು, ಪಾಯಿಂಟ್ ಬೊಮ್ಮನಹಾಳಿನವರದು. ಇಲ್ಲವೆಂದುಬಿಟ್ಟರೆ ಇವರು ರೊಟ್ಟಿ ತಿನ್ನುತ್ತಿದ್ದರು, ಓಣಿಯಲ್ಲಿ ತಲೆಯೆತ್ತಿ ತಿರುಗಬಹುದಿತ್ತು. ಆದರೆ ಇಷ್ಟು ನಂಬಿ ಕೇಳುವ ಮನುಷ್ಯನಿಗೆ ಸುಳ್ಳು ಹೇಳುವುದು ಹೇಗೆ?

"ಬಿದ್ದಿತ್ತು ರೀ" ಎಂದೆ.

ಬೈಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟರು. ಬೊಮ್ಮನಹಾಳಿಗೆ ಹೋಗಿ ತಾವೇ ತಪ್ಪು ಒಪ್ಪಿಕೊಳ್ಳುತ್ತಾರಂತೆ! ಯಾರು ಕೇಳಿದ್ದರು? ಅಲ್ಲಿಯವರು ಸುಮ್ಮನೆ ಬಿಡುತ್ತಾರೆಯೇ? ಇಲ್ಲಿಯವರು ನಾಳೆ ನಮ್ಮನ್ನು ಮಾತಾಡಿಸುತ್ತಾರೆಯೇ? ಬಾಗಿಲವರೆಗೂ ಬೈದೆ, ಬಸ್ ಸ್ಟ್ಯಾಂಡಿನವರೆಗೂ ಬೈಯುತ್ತಲೇ ಹೋದೆ. ಇವರು ಬಸ್ ಹತ್ತಿ ಕಿಟಕಿ ಪಕ್ಕ ಒಬ್ಬರೇ ಕುಳಿತದ್ದು ಕಂಡೆ. ನಾನೂ ಹತ್ತಿ ಪಕ್ಕದಲ್ಲಿ ಕುಳಿತೆ.

"ನೀ ಯಾಕ?" ಎಂದರು.

"ಕಂಡೂ ಸುಮ್ಮನಿದ್ದಾಕಿ ನಾನ್ರಿ. ಅವರು ನಿಮಗೊಬ್ಬರಿಗೇ ಬೈಬೇಕೇನು?"